ಕಡೆಯುವುದೇ ಬೇರೆ, ಕಲಕುವುದೇ ಬೇರೆ

ಹಾನಗಲ್ಲ
ಸಂಕ್ರಾಂತಿ ಕಳೆದು ಒಂಬತ್ತನೆಯ ದಿನ

ಬಂಗಾರಿ,

ಎಮ್ಮೆ ಈದು ಮೂರು ವಾರವಾಯಿತು, ಹೆಣ್ಣುಗರು. ನಿನ್ನ ಮೆಸೇಜು ಮೊನ್ನೆ ರಾತ್ರಿಯೇ ನೋಡಿದೆ. ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಇಷ್ಟುದ್ದ ಉತ್ತರ ಬರೆಯುವುದು ನನ್ನ ಕೈಲಾಗದ ಕೆಲಸ. ಕಾಗದಕ್ಕಾದರೆ ಕೈ ತಾನೇ ಓಡುತ್ತದೆ. ಬೆಂಗಳೂರು ಮುಟ್ಟಲು ನಾಲ್ಕು ದಿನ ಹಿಡಿದರೂ ನಿನ್ನ ಪ್ರಶ್ನೆ ಹಳಸುವಂಥದ್ದಲ್ಲ.

ನೀನು ಬರೆದದ್ದು ಇಷ್ಟು. ಎರಡು ಪ್ಯಾಕೆಟ್ ಹಾಲು ಕಾಸಿ ಹೆಪ್ಪು ಹಾಕಿದೆ, ಮರುದಿನ ಮೊಸರನ್ನು ಮಿಕ್ಸಿಗೆ ಸುರಿದೆ, ಹತ್ತು ನಿಮಿಷ ತಿರುಗಿಸಿದೆ, ನೊರೆ ಬಂತೇ ಹೊರತು ಬೆಣ್ಣೆಯ ಸುಳಿವಿಲ್ಲ. ಅದರ ಕೆಳಗೆ ಕೇಳಿದ್ದೀಯ: "ಲ್ಯಾಬಿನಲ್ಲಿ ಎಣ್ಣೆ ನೀರು ಕೂಡಬೇಕಾದರೆ ಕಲಕು ಅಂತಾರೆ. ನೀನು ಬೆಣ್ಣೆ ಬೇರೆಯಾಗಬೇಕಾದರೂ ಕಲಕು ಅಂತೀಯ. ಯಾವುದು ಖರೆ ಅಜ್ಜಿ?"

ಎರಡೂ ಖರೆ. ಹೆಂಗ ಅನ್ನುವುದಕ್ಕೇ ಈ ಕಾಗದ.

ಮೊದಲು ಒಂದು ಮಾತಿನ ತಕರಾರು. ನಾನು ನಿನಗೆ ಕಲಕು ಎಂದು ಯಾವತ್ತೂ ಹೇಳಿಲ್ಲ, ಕಡೆ ಎಂದಿದ್ದೆ. ಸಾರು ತಿರುವುತ್ತೇವೆ, ಹಿಟ್ಟು ಕಲಸುತ್ತೇವೆ, ಸಕ್ಕರೆ ಕಲಕುತ್ತೇವೆ, ಎಮ್ಮೆ ಕೆರೆಗಿಳಿದು ನೀರು ಕದಡುತ್ತದೆ. ಮೊಸರನ್ನು ಮಾತ್ರ ಕಡೆಯುತ್ತೇವೆ. ನಮ್ಮೂರ ತಾರಕೇಶ್ವರ ಗುಡಿಯ ಕಂಬಗಳನ್ನೂ ಕಡೆದದ್ದೇ ಅನ್ನುತ್ತೇವೆ. ನೀನು ಸಣ್ಣಾಕಿ ಇದ್ದಾಗ ಆ ಕಂಬಗಳ ಬಳೆ ಬಳೆಯಂಥ ಗೆರೆಗಳ ಮೇಲೆ ಬೆರಳಾಡಿಸಿ, ಅಜ್ಜಿ ಇದು ಕಲ್ಲಿನ ಕಡಗೋಲು ಅಂದಿದ್ದೆ. ಅವತ್ತು ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ನೀನು ಹೇಳಿದ್ದು ಸರಿಯೇ ಇತ್ತು. ಕಲ್ಲಿನೊಳಗಿಂದ ಕಂಬ ತೆಗೆಯುವುದಕ್ಕೂ ಮೊಸರಿನೊಳಗಿಂದ ಬೆಣ್ಣೆ ತೆಗೆಯುವುದಕ್ಕೂ ನಮ್ಮ ಹಿರಿಯರು ಒಂದೇ ಕ್ರಿಯಾಪದ ಇಟ್ಟುಕೊಂಡಿದ್ದಾರೆ. ಕೈಯ ಚಲನೆ ಕಲಕುವಂತೆಯೇ ಇದ್ದರೂ ಫಲ ತಿರುಗುಮುರುಗು ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ಹೆಸರು ಬೇರೆ ಮಾಡಿದರು.

ನಾನು ಕಡೆಯುವುದನ್ನು ಕಲಿತದ್ದು ಸವಣೂರಿನಲ್ಲಿ. ಟೀಚರ್ ಕೆಲಸಕ್ಕೆ ಸೇರಿದ ಹೊಸತು, ಬಾಡಿಗೆಗೆ ಒಂದೇ ಖೋಲಿ. ಆಗ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಲ್ಲ ಧಾರವಾಡ ಜಿಲ್ಲೆಯಲ್ಲೇ ಇದ್ದವು, ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ವರ್ಗಾವಣೆಯ ಪುಣ್ಯದಿಂದ ನಾಲ್ಕೂ ತಾಲೂಕಿನ ನೀರು ಕುಡಿದಿದ್ದೇನೆ. ಸವಣೂರಿನ ಮನೆಯೊಡತಿಗೆ ಎರಡು ಎಮ್ಮೆ. ಊಟವಾದ ಮೇಲೆ ಎಲೆ ಮಡಚಿ ಕೊಡುತ್ತಿದ್ದಳು. ಸವಣೂರಿನ ಎಲೆ, ಬಾಯಲ್ಲಿಟ್ಟರೆ ಕರಗುತ್ತಿತ್ತು. ಆಕೆ ಬೆಳಗಿನ ಐದಕ್ಕೆ ಕಂಬಕ್ಕೆ ಕಡಗೋಲು ಸಿಕ್ಕಿಸಿ ಹಗ್ಗ ಜಗ್ಗಲು ಕೂತರೆ ಗೋಡೆಯ ಆಚೆಗೆ ನನಗೆ ಎಚ್ಚರ. ಮೊದಮೊದಲು ಸದ್ದು ಸರ್‍ರ್ ಸರ್‍ರ್ ಎಂದು ತೆಳ್ಳಗಿರುತ್ತಿತ್ತು. ಸ್ವಲ್ಪ ಹೊತ್ತಿಗೆ ನೊರೆಯೇರಿ ದಪ್ಪವಾಗಿ, ಗಡಿಗೆಗೆ ಮಾತೇ ಕಟ್ಟಿದ ಹಾಗೆ ಆಗುತ್ತಿತ್ತು. ಆಮೇಲೆ ಒಮ್ಮೆಗೇ ಸದ್ದು ಒಡೆಯುತ್ತಿತ್ತು, ಚಳಕ್ ಚಳಕ್. ಆ ಸದ್ದಿಗೆ ಆಕೆ ಕೈ ನಿಲ್ಲಿಸಿ ಒಂದು ಚರಿಗೆ ನೀರು ಹಾಕುತ್ತಿದ್ದಳು. ಇಂಥ ಚಳಿಗಾಲದಲ್ಲಿ ಬೆಚ್ಚಗಿನದು, ಬೇಸಿಗೆಯಲ್ಲಿ ಗಡಿಗೆಯ ತಣ್ಣೀರು. ಮುಂದೆ ನಾಲ್ಕೈದು ಸಲ ಮೆಲ್ಲಗೆ ಜಗ್ಗಿ, ಕಡಗೋಲಿಗೆ ಅಂಟಿದ ಕಾಳುಗಳನ್ನು ಬೆರಳಿಂದ ಸವರಿ ತೆಗೆಯುತ್ತಿದ್ದಳು.

ಒಂದು ದಿನ ನನ್ನ ಕೈಗೆ ಹಗ್ಗ ಕೊಟ್ಟಳು. ಹುಮ್ಮಸ್ಸಿನಲ್ಲಿ ಚಳಕ್ ಸದ್ದು ಬಂದ ಮೇಲೂ ಜಗ್ಗುತ್ತಲೇ ಇದ್ದೆ. "ಸಾಕ್ ಬಿಡವ್ವ, ಬಂದದ್ದನ್ನ ಮತ್ತ ಒಳಗ ಕಳಸಬ್ಯಾಡ" ಅಂದಳು. ಬಿ.ಎಸ್ಸಿ. ಓದಿಕೊಂಡು ಬಂದವಳು ನಾನು. ಶಾಲೆಯ ಮೆಟ್ಟಿಲು ಹತ್ತದ ಆಕೆ ಒಂದು ಮಾತಿನಲ್ಲಿ ಹೇಳಿದ್ದನ್ನೇ ನಾನೀಗ ನಾಲ್ಕು ಪುಟ ಎಳೆಯಬೇಕಾಗಿದೆ.

ಹಾಲಿನಲ್ಲಿ ಜಿಡ್ಡು ಕರಗಿರುವುದಿಲ್ಲ, ತೇಲುತ್ತಿರುತ್ತದೆ. ಕಣ್ಣಿಗೆ ಕಾಣದ ಗುಂಡು ಹನಿಗಳು, ಒಂದು ಮಿಲಿಲೀಟರಿನಲ್ಲಿ ನೂರಾರು ಕೋಟಿ. ಜಿಡ್ಡಿನ ಹೆಚ್ಚಿನ ಪಾಲು ಹೊತ್ತ ಹನಿಗಳು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಿಂದ ಹತ್ತು ಭಾಗದಷ್ಟು ಅಗಲ, ಎಮ್ಮೆ ಹಾಲಿನಲ್ಲಿ ಆಕಳ ಹಾಲಿಗಿಂತ ದೊಡ್ಡವು. ಪ್ರತಿ ಹನಿಗೂ ಪ್ರೋಟೀನು, ಫಾಸ್ಫೊಲಿಪಿಡ್ಡು ಕೂಡಿದ ತೆಳು ಪೊರೆ. ಎಮ್ಮೆಯ ಕೆಚ್ಚಲೊಳಗೇ ಹೊದ್ದುಕೊಂಡು ಬಂದ ಕಂಬಳಿ ಎಂದುಕೋ. ಆ ಕಂಬಳಿ ಇರುವ ತನಕ ಎರಡು ಹನಿ ಮೈ ತಾಕಿದರೂ ಒಂದಾಗುವುದಿಲ್ಲ. ಒಂದಾದರೆ ಅವಕ್ಕೆ ಹಿತವೇ. ಮೇಲ್ಮೈ ಕಡಿಮೆಯಾದಷ್ಟೂ ಶಕ್ತಿಯ ಖರ್ಚು ಕಡಿಮೆ. ಆದರೆ ನಡುವೆ ಒಂದು ಹೊಸ್ತಿಲಿದೆ, ಅದನ್ನು ತಾವಾಗಿ ದಾಟಲಾರವು. ಕಡಗೋಲು ಆ ಹೊಸ್ತಿಲು ದಾಟಿಸುತ್ತದೆ. ಹನಿಗಳನ್ನು ಒಂದಕ್ಕೊಂದು ಗುದ್ದಿಸುತ್ತದೆ, ಗಾಳಿಗುಳ್ಳೆ ತುಂಬಿ ಅದರ ಮೈಮೇಲೆ ಹನಿಗಳನ್ನು ಹರಡುತ್ತದೆ, ಕಂಬಳಿ ಕಿತ್ತುಹೋಗುತ್ತದೆ.

ಅಷ್ಟೇ ಆಗಿದ್ದರೆ ಬೆಣ್ಣೆಯ ಬದಲು ಎಣ್ಣೆ ತೇಲಬೇಕಿತ್ತು. ಇಲ್ಲಿ ಹದದ ಮಾತು ಬರುತ್ತದೆ. ಹಾಲಿನ ಜಿಡ್ಡು ಒಂದೇ ಬಿಸಿಗೆ ಕರಗುವಂಥದ್ದಲ್ಲ, ಹಲವು ಜಿಡ್ಡುಗಳ ಸಂತೆ ಅದು. ಚಳಿಗಾಲದ ಬೆಳಗಿನ ತಂಪಿನಲ್ಲಿ ಹನಿಯೊಳಗೆ ಅರ್ಧ ಹರಳು, ಅರ್ಧ ದ್ರವ. ಹರಳಿನ ಮುಳ್ಳು ಒಂದು ಹನಿಯಿಂದ ಚಾಚಿ ಇನ್ನೊಂದಕ್ಕೆ ಚುಚ್ಚುತ್ತದೆ, ದ್ರವದ ಪಾಲು ಹರಿದು ಅಂಟು ಹಾಕುತ್ತದೆ. ಬೆಣ್ಣೆಯ ಕಾಳು ಕಟ್ಟುವುದು ಹೀಗೆ. ಪೂರ್ತಿ ಕರಗಿದ್ದರೆ ಚುಚ್ಚುವ ಮುಳ್ಳಿಲ್ಲ, ಪೂರ್ತಿ ಗಡ್ಡೆಯಾಗಿದ್ದರೆ ಅಂಟಿಲ್ಲ. ಸವಣೂರಿನ ಆಕೆಯ ಒಂದು ಚರಿಗೆ ನೀರು ಈ ಅರ್ಧಂಬರ್ಧವನ್ನು ಕಾಯುವುದಕ್ಕೆ. ಥರ್ಮಾಮೀಟರು ಆಕೆಯ ಬೆರಳ ತುದಿಯಲ್ಲಿತ್ತು.

ಬೆಣ್ಣೆ ಬಂತು ಅಂದರೆ ಒಳಗು ಹೊರಗಾಯಿತು ಅಂತಲೂ ಅರ್ಥ. ಮೊದಲು ನೀರಿನೊಳಗೆ ಜಿಡ್ಡಿನ ಹನಿ, ಈಗ ಜಿಡ್ಡಿನೊಳಗೆ ನೀರಿನ ಹನಿ. ಅಂಗಡಿಯ ಬೆಣ್ಣೆಯಲ್ಲೂ ನೂರಕ್ಕೆ ಹದಿನಾರರಷ್ಟು ನೀರು ಉಳಿದಿರುತ್ತದೆ. ಆ ಕೊನೆಯ ನೀರನ್ನು ಎಷ್ಟು ಕಡೆದರೂ ಹೊರಹಾಕಲಾರೆ. ಕಡೆಯುತ್ತಲೇ ಹೋದರೆ ಮಜ್ಜಿಗೆ ಇನ್ನಷ್ಟು ಸಣ್ಣ ಹನಿಯಾಗಿ ಬೆಣ್ಣೆಯೊಳಗೆ ಸೇರಿಕೊಳ್ಳುತ್ತದೆ, ಬೆಣ್ಣೆ ಮೆತ್ತಗಾಗಿ ಮುದ್ದೆ ಕಟ್ಟುವುದಿಲ್ಲ. ಬಂದದ್ದನ್ನು ಮತ್ತೆ ಒಳಗೆ ಕಳಿಸುವುದು ಅಂದರೆ ಇದು. ಅಲ್ಲಿಂದ ಮುಂದಿನದು ಒಲೆಯ ಕೆಲಸ.

ಈಗ ನಿನ್ನ ಲ್ಯಾಬಿನ ಎಣ್ಣೆ ನೀರಿಗೆ ಬರುತ್ತೇನೆ. ಶಿಗ್ಗಾಂವಿಯಲ್ಲಿದ್ದಾಗ ಎಂಟನೆಯ ತರಗತಿಗೆ ಪ್ರತಿ ವರ್ಷ ಒಂದು ಆಟ ತೋರಿಸುತ್ತಿದ್ದೆ. ಗಾಜಿನ ಬಾಟಲಿಯಲ್ಲಿ ಅರ್ಧ ಸೀಮೆಎಣ್ಣೆ, ಅರ್ಧ ನೀಲಿ ಹಾಕಿದ ನೀರು. ಜೋರಾಗಿ ಕುಲುಕಿ ಮೇಜಿನ ಮೇಲಿಟ್ಟರೆ ಎರಡೂ ಬೇರೆಯಾಗಲು ಒಂದಷ್ಟು ಹೊತ್ತು ಬೇಕು. ಮತ್ತೆ ಅಷ್ಟೇ ಕುಲುಕಿ, ಈ ಸಲ ಸುಮ್ಮನೆ ಇಡದೆ ತೊಟ್ಟಿಲು ತೂಗಿದ ಹಾಗೆ ಮೆಲ್ಲಗೆ ತೂಗಿದರೆ ಬೇಗ ಬೇರೆಯಾಗುತ್ತದೆ. ಹಿಂದಿನ ಬೆಂಚಿನ ಹುಡುಗ ಒಬ್ಬ ಎದ್ದು, "ಟೀಚರ್, ಕೂಡಿಸಿದ್ದೂ ನೀವ, ಅಗಲಿಸಿದ್ದೂ ನೀವ, ಎರಡೂ ಸಲ ಅಳ್ಳಾಡಿಸಿದ್ದ ಬಾಟ್ಲಿನ" ಅಂದ. ಅವನ ಪ್ರಶ್ನೆ ನಿನ್ನದೇ. ನನ್ನಲ್ಲಿ ಅವತ್ತು ಪೂರ್ತಿ ಉತ್ತರ ಇರಲಿಲ್ಲ. ಅದು ಸಿಕ್ಕಿದ್ದು ನಿಮ್ಮಪ್ಪ ಟ್ರಂಕಿನಲ್ಲಿ ಬಿಟ್ಟುಹೋದ ಇಂಜಿನಿಯರಿಂಗ್ ಪುಸ್ತಕದಲ್ಲಿ, ನಿವೃತ್ತಿಯಾದ ಮೇಲೆ.

ಹರಿಯುವ ದ್ರವದೊಳಗೆ ಸಿಕ್ಕ ಹನಿಯ ಮೇಲೆ ಎರಡು ಬಲ. ಹರಿವು ಅದನ್ನು ಎಳೆದು ಉದ್ದ ಮಾಡುತ್ತದೆ, ಮೇಲ್ಮೈ ಎಳೆತ ಅದನ್ನು ಮತ್ತೆ ಗುಂಡಗೆ ಮಾಡಲು ನೋಡುತ್ತದೆ. ಇಂಗ್ಲೆಂಡಿನ ಜಿ. ಐ. ಟೇಲರ್ 1934ರಲ್ಲಿ ನಾಲ್ಕು ಉರುಳೆಗಳ ನಡುವೆ ದ್ರವ ತಿರುಗಿಸಿ, ಮಧ್ಯೆ ಒಂದೇ ಒಂದು ಹನಿ ಕೂರಿಸಿ, ಅದು ಹೇಗೆ ಉದ್ದವಾಗಿ ಒಡೆಯುತ್ತದೆಂದು ನೋಡಿದರು. ಹನಿ ದೊಡ್ಡದಿದ್ದಷ್ಟೂ ಹರಿವಿಗೆ ಬೇಗ ಸೋಲುತ್ತದೆ, ಸಣ್ಣದು ಬಿಗಿಯಾಗಿ ನಿಲ್ಲುತ್ತದೆ. ಸುತ್ತಲಿನ ದ್ರವಕ್ಕಿಂತ ಸುಮಾರು ನಾಲ್ಕು ಪಟ್ಟು ಮಂದವಾದ ಹನಿಯಾದರೆ, ಬರೀ ಒಂದರ ಮೇಲೊಂದು ಜಾರುವ ಹರಿವಿನಲ್ಲಿ ಒಡೆಯುವುದೇ ಇಲ್ಲ, ತನ್ನಷ್ಟಕ್ಕೆ ಉರುಳಾಡುತ್ತಿರುತ್ತದೆ. ನಮ್ಮ ಮನೆಯಲ್ಲಿ ಅಂಥವರು ಯಾರು ಅಂತ ನಿನಗೆ ಗೊತ್ತು, ಹೆಸರು ಬರೆಯುವುದಿಲ್ಲ.

ಅಂದರೆ ಕಲಕುವಿಕೆ ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತದೆ. ಹನಿಗಳನ್ನು ಒಡೆಯುತ್ತದೆ, ಒಡೆದವನ್ನು ಗುದ್ದಿಸಿ ಕೂಡಿಸುತ್ತದೆ. ಮೆಲ್ಲಗೆ ಕಲಕಿದರೆ ಕೂಡಿಸುವುದರ ಕೈ ಮೇಲು. ಹನಿ ಎರಡು ಪಟ್ಟು ಅಗಲವಾದರೆ ನಾಲ್ಕು ಪಟ್ಟು ಬೇಗ ಮೇಲೇರುತ್ತದೆ, ಹಾಗಾಗಿ ಪದರ ಬೇಗ ಕಟ್ಟುತ್ತದೆ. ಜೋರು ಕಲಕಿದರೆ ಒಡೆಯುವುದರ ಕೈ ಮೇಲು. ಜೋರಾಗಿ, ನಿಲ್ಲಿಸದೆ ಕಲಕುತ್ತಲೇ ಇದ್ದರೆ ಒಡೆಯುವುದೂ ಕೂಡುವುದೂ ಸಮ ಬಂದು ಹನಿಗಳು ಯಾವುದೋ ಒಂದು ಗಾತ್ರಕ್ಕೆ ನಿಂತುಬಿಡುತ್ತವೆ. ಸುಮ್ಮನೆ ಬಿಟ್ಟಿದ್ದರೆ ಬೆಳೆಯುತ್ತಾ ಹೋಗಿ ಎರಡೇ ಪದರ ಆಗುತ್ತಿದ್ದ ದ್ರವ, ಕೈ ನಿಲ್ಲುವ ತನಕ ಮಜ್ಜಿಗೆಯ ಹಾಗೇ ಇರುತ್ತದೆ. ನಿಮ್ಮ ಲ್ಯಾಬಿನವರು ಕಲಕು ಅನ್ನುವುದು ಈ ಮಜ್ಜಿಗೆಗಾಗಿ.

ಹಾಗಾದರೆ ಜೋರಾಗಿ ಕಲಕಿದರೆ ಅವು ನಿಜಕ್ಕೂ ಒಂದಾದವೇ? ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ನನಗೆ ಈ ಪಾಠ ಫೀನಾಲ್ ಕಲಿಸಿತು. ದಪ್ಪ ಗಾಜಿನ ನಳಿಕೆಯಲ್ಲಿ ಫೀನಾಲ್, ಮೇಲೆ ನೀರು. ಬಳೆಯಂತೆ ಬಗ್ಗಿಸಿದ ಸ್ಟಿರರ್ ಮೇಲೆ ಕೆಳಗೆ ಆಡಿಸುತ್ತ ಬಿಸಿನೀರಿನಲ್ಲಿ ಕಾಸಬೇಕು. ಬೆಳ್ಳಗೆ ಹಾಲಿನಂತೆ ಕದಡಿಕೊಂಡಿದ್ದದ್ದು ಒಂದು ಉಷ್ಣತೆಗೆ ಕಣ್ಣು ಮಿಟುಕಿಸುವುದರಲ್ಲಿ ತಿಳಿಯಾಗುತ್ತದೆ. ಆರಿಸಿದರೆ ಮತ್ತೆ ಹಾಲು. ಎರಡೂ ಉಷ್ಣತೆ ಬರೆದು ಸರಾಸರಿ ತೆಗೆಯಬೇಕು, ನೀರು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಮತ್ತೆ ಮತ್ತೆ. ಗ್ರಾಫು ಗುಡ್ಡದಂತೆ ಏರಿ ಇಳಿಯುತ್ತದೆ, ನೆತ್ತಿ ಸುಮಾರು 66 ಡಿಗ್ರಿ. ಅದಕ್ಕೆ ಕ್ರಿಟಿಕಲ್ ಸಲ್ಯೂಷನ್ ಟೆಂಪರೇಚರ್ ಅಂತ ಹೆಸರು. ಅದಕ್ಕಿಂತ ಮೇಲೆ ಎಷ್ಟು ಪ್ರಮಾಣದಲ್ಲಿ ಬೆರೆಸಿದರೂ ಒಂದೇ ದ್ರವ.

ನನ್ನ ಗ್ರಾಫಿನ ಒಂದು ಚುಕ್ಕೆ ಗುಡ್ಡ ಬಿಟ್ಟು ಎಲ್ಲೋ ಆಕಾಶದಲ್ಲಿತ್ತು. ಕಾರಣ ಸ್ಟಿರರ್. ಕೈ ನೋವೆಂದು ಸ್ವಲ್ಪ ಹೊತ್ತು ಬಿಟ್ಟಿದ್ದೆ. ಭಾರದ ಫೀನಾಲ್ ಪದರ ತಳ ಹಿಡಿದು ಕೂತಿತ್ತು, ಮೇಲಿನ ನೀರಿಗೆ ಅದರ ಪಾಲು ಮುಟ್ಟಲೇ ಇಲ್ಲ, ತಿಳಿಯಾಗಬೇಕಾದ ಉಷ್ಣತೆ ದಾಟಿದರೂ ನಡುವಿನ ಗೆರೆ ಹಾಗೇ ಇತ್ತು. ಹೋದ ಸಲ ಬಂದಾಗ ನೀನು ಕೇಳಿದೆಯಲ್ಲ, ನನ್ನ ಬಲಗೈ ಹೆಬ್ಬೆರಳ ಬುಡದಲ್ಲಿರುವ ಕಲೆ ಏನೆಂದು? ಅದೂ ಅವತ್ತಿನದೇ. ಫೀನಾಲ್ ತಾಗಿದ ಕೂಡಲೇ ಚರ್ಮ ಸುಣ್ಣದಂತೆ ಬೆಳ್ಳಗಾಗುತ್ತದೆ, ನೋವು ತಡವಾಗಿ ತಿಳಿಯುತ್ತದೆ. ಕೈಗವಸು ಇಲ್ಲದೆ ಮುಟ್ಟಬೇಡ.

ಸ್ಟಿರರ್ ಮಾಡಿದ್ದೇನು ಗಮನಿಸು. 66 ಡಿಗ್ರಿಯನ್ನು ಅದು 60 ಮಾಡಲಿಲ್ಲ. ಚಿಟಿಕೆ ಉಪ್ಪು ಬಿದ್ದರೆ ಆ ಉಷ್ಣತೆ ಏರುತ್ತದೆ, ಸಾಬೂನು ಬಿದ್ದರೆ ಇಳಿಯುತ್ತದೆ. ಬರೀ ಕಲಕಿದರೆ ಇದ್ದಲ್ಲೇ ಇರುತ್ತದೆ. ಕೂಡುವುದೋ ಅಗಲುವುದೋ ಎಂಬುದು ಉಷ್ಣತೆ ಮತ್ತು ಪ್ರಮಾಣದ ತೀರ್ಮಾನ, ಕೈಗೆ ಅದರಲ್ಲಿ ಮಾತಿಲ್ಲ. ಎಷ್ಟು ಬೇಗ ಆಗಬೇಕು, ಆಗುವಾಗ ಹನಿಗಳು ಯಾವ ಗಾತ್ರದಲ್ಲಿರಬೇಕು ಅನ್ನುವುದಷ್ಟೇ ಕೈಯ ಪಾಲು. ಆ ನೆತ್ತಿಯ ತೀರಾ ಹತ್ತಿರ, ಕೂಡುವುದೋ ಬೇಡವೋ ಎಂದು ದ್ರವವೇ ಅನುಮಾನಿಸುವ ಜಾಗದಲ್ಲಿ, ಬಲವಾದ ಹರಿವು ತೀರ್ಮಾನವನ್ನೂ ತುಸು ಜರುಗಿಸಬಲ್ಲದು ಎಂದು ಜಪಾನಿನ ಒನುಕಿ ಮತ್ತು ಕವಾಸಾಕಿ 1979ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಜರುಗುವುದು ಡಿಗ್ರಿಯ ಸಾವಿರದ ಭಾಗಗಳ ಲೆಕ್ಕದಲ್ಲಿ. ನಮ್ಮ ಕಾಲೇಜಿನ ಥರ್ಮಾಮೀಟರಿಗೆ ಅದರ ವಾಸನೆಯೂ ಹತ್ತದು.

ಹಿರೇಕೆರೂರಿನ ಕಥೆಯೊಂದನ್ನು ಹೇಳಲೇಬೇಕು, ತಪ್ಪು ನನ್ನದೇ ಆದ್ದರಿಂದ. ನನ್ನ ತಮ್ಮನ ಹೊಲದಲ್ಲಿ ಹತ್ತಿಗೆ ಹೇನು ಬಿದ್ದಿತ್ತು. ಬೇವಿನೆಣ್ಣೆ ಹೊಡಿ, ಲೀಟರಿಗೆ 5 ಮಿಲಿ ಅಂತ ಸಲಹೆ ಕೊಟ್ಟವಳು ನಾನು. 16 ಲೀಟರಿನ ಪಂಪಿಗೆ 80 ಮಿಲಿ ಅಳೆದು ಹಾಕಿ, ಕೋಲಿನಿಂದ ಗರಗರ ತಿರುಗಿಸಿ, ಬೆಳ್ಳಗಾಯಿತು ನೋಡು ಎಂದು ಬೆನ್ನಿಗೇರಿಸಿ ಕಳಿಸಿದೆ. ಸಾಬೂನು ಹಾಕುವುದನ್ನು ಮರೆತಿದ್ದೆ. ಅವನು ಅರ್ಧ ಸಾಲು ಮುಗಿಸಿ ನೀರು ಕುಡಿಯಲು ಕೂತ, ಪಂಪು ಬದುವಿನ ಮೇಲೆ. ಅಷ್ಟರಲ್ಲಿ ಒಳಗೆ ಎಣ್ಣೆ ಮೇಲೆ, ನೀರು ಕೆಳಗೆ. ಪಂಪು ಎಳೆಯುವುದು ತಳದಿಂದ. ಮುಂದಿನ ಸಾಲುಗಳಿಗೆ ಹೆಚ್ಚುಕಡಿಮೆ ಬರೀ ನೀರು ಬಿತ್ತು, ಕಟ್ಟಕಡೆಯ ಗಿಡಗಳಿಗೆ ಬರೀ ಎಣ್ಣೆ. ಮೂರನೆಯ ದಿನಕ್ಕೆ ಆ ಗಿಡಗಳ ಎಲೆ ಸುಟ್ಟು ಸುರುಟಿದ್ದವು, ಉಳಿದ ಹೊಲದಲ್ಲಿ ಹೇನು ಆರಾಮ ಇತ್ತು. "ಅಕ್ಕ, ನಿನ್ನ ಸೈನ್ಸು ಬದುವಿನ ತನಕ ಬಂದು ಕೂತ್ಕೊಂತು" ಅಂದ. ಈಗಲೂ ಮದುವೆ ಮುಂಜಿಯಲ್ಲಿ ಎದುರಾದರೆ ಅದನ್ನೇ ಎತ್ತುತ್ತಾನೆ.

ಆ ಸಾಬೂನು ಮಾಡುತ್ತಿದ್ದ ಕೆಲಸ ಎರಡು. ಮೇಲ್ಮೈ ಎಳೆತ ತಗ್ಗಿಸಿ, ಅಷ್ಟೇ ಕಲಕುವಿಕೆಗೆ ಹನಿಗಳನ್ನು ಇನ್ನೂ ಸಣ್ಣಗೆ ಒಡೆಯಗೊಡುತ್ತಿತ್ತು. ಒಡೆದ ಹನಿಗಳಿಗೆ ಕಂಬಳಿ ಹೊದಿಸಿ, ಮತ್ತೆ ಕೂಡದಂತೆ ತಡೆಯುತ್ತಿತ್ತು. ಎಮ್ಮೆ ಕೆಚ್ಚಲಲ್ಲಿ ಹೊದಿಸುವ ಅದೇ ಕಂಬಳಿ.

ಇನ್ನು ನಿನ್ನ ಮಿಕ್ಸಿಯ ವಿಚಾರಣೆ. ಪ್ಯಾಕೆಟ್ ಮೇಲೆ ಏನು ಬರೆದಿತ್ತೆಂದು ನಿಮ್ಮಮ್ಮನಿಂದ ಕೇಳಿಸಿದೆ. ಹೋಮೊಜಿನೈಸ್ಡ್ ಟೋನ್ಡ್ ಮಿಲ್ಕ್. ಟೋನ್ಡ್ ಅಂದರೆ ನೂರಕ್ಕೆ ಮೂರು ಜಿಡ್ಡು, ನಮ್ಮ ಎಮ್ಮೆ ಹಾಲಿನ ಅರ್ಧವೂ ಇಲ್ಲ. ಹೋಮೊಜಿನೈಸ್ಡ್ ಅಂದರೆ ಹಾಲನ್ನು ಭಾರೀ ಒತ್ತಡದಲ್ಲಿ ಕೂದಲೆಳೆಯಂಥ ಸಂದಿಯಿಂದ ತೂರಿಸಿ, ಹನಿಗಳನ್ನು ಕೆನೆ ಕಟ್ಟಲಾಗದಷ್ಟು ಸಣ್ಣಗೆ ಒಡೆದದ್ದು. ಫ್ರಾನ್ಸಿನ ಒಗ್ಯುಸ್ತ್ ಗೋಲಾಂ 1899ರಲ್ಲಿ ಈ ಯಂತ್ರಕ್ಕೆ ಪೇಟೆಂಟ್ ಪಡೆದ. ಒಡೆದ ಹನಿಗಳ ಹೊಸ ಮೈಗೆ ಹಳೆಯ ಕಂಬಳಿ ಸಾಲದೆ, ಹಾಲಿನಲ್ಲಿರುವ ಕೇಸಿನ್ ಬಂದು ಮೆತ್ತಿಕೊಳ್ಳುತ್ತದೆ, ಅದು ಇನ್ನೂ ಗಟ್ಟಿ. ಹೀಗೆ ಕಾರ್ಖಾನೆಯಲ್ಲಿ ಒಬ್ಬರು ಬೇರೆಯಾಗಬಾರದೆಂದು ಕಲಕಿ ಕಳಿಸಿದ್ದನ್ನು ನೀನು ಬೇರೆ ಮಾಡಲು ಕಲಕಿದೆ. ಅದೂ ಮಿಕ್ಸಿಯಲ್ಲಿ ಹತ್ತು ನಿಮಿಷ! ಜಾರು ಮುಟ್ಟಿ ನೋಡಿದೆಯಾ, ಬಿಸಿಯಾಗಿರಲಿಲ್ಲವೇ? ಇದ್ದ ಹರಳೂ ಕರಗಿತು, ಬ್ಲೇಡು ಕೂಡಿದವನ್ನೂ ಕತ್ತರಿಸಿತು. ಆ ಹಾಲಿನಿಂದ ಆ ಮಿಕ್ಸಿಯಲ್ಲಿ ಬ್ರಹ್ಮ ಬಂದರೂ ಬೆಣ್ಣೆ ತೆಗೆಯಲಾರ. ನಿನ್ನ ತಪ್ಪಿಲ್ಲ.

ಮತ್ತೆ ಮಾಡುವ ಆಸೆ ಇದ್ದರೆ ಹೋಮೊಜಿನೈಸ್ ಮಾಡದ, ಕೆನೆ ಇರುವ ಹಾಲು ಹುಡುಕು. ವಾರದ ಕೆನೆ ಕೂಡಿಡು, ಹೆಪ್ಪು ಹಾಕು, ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡು. ಮಿಕ್ಸಿ ಬೇಡ. ಅಗಲ ಬಾಯಿಯ ಬಾಟಲಿಯಲ್ಲಿ ಹಾಕಿ ಕೈಯಲ್ಲೇ ಕುಲುಕು, ಕಿವಿಯನ್ನು ಸದ್ದಿನ ಕಡೆಗಿಡು. ಚಳಕ್ ಅಂದ ಕೂಡಲೇ ನಿಲ್ಲಿಸು.

ನಾಳೆ ಶಿಗ್ಗಾಂವಿಯ ಕಡೆಯವರು ಬೆಂಗಳೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಸವಣೂರು ಖಾರಾ ಒಂದು ಪೊಟ್ಟಣ, ತುಪ್ಪ ಒಂದು ಬಾಟಲಿ ಕಳಿಸುತ್ತಿದ್ದೇನೆ. ತುಪ್ಪ ಇವತ್ತು ಬೆಳಿಗ್ಗೆ ಕಾಸಿದ್ದು, ಚಟಪಟ ಸದ್ದು ಪೂರ್ತಿ ನಿಂತ ಮೇಲೇ ಇಳಿಸಿದ್ದೇನೆ, ಒಳಗೆ ನೀರು ಉಳಿದಿಲ್ಲ. ಒಲೆಯ ಮಗ್ಗುಲಲ್ಲೇ ನಿಧಾನಕ್ಕೆ ಆರಲು ಬಿಟ್ಟಿದ್ದೇನೆ. ಈಗಾಗಲೇ ತಳದಲ್ಲಿ ಹರಳು ಹರಳಾಗಿ ಕೂರುತ್ತಿದೆ, ಮೇಲೆ ತಿಳಿ ಎಣ್ಣೆ. ಕೆಟ್ಟಿತೆಂದು ಹೆದರಿ ಚಮಚ ಹಾಕಿ ಕಲಕಬೇಡ, ಕಾಳು ಪುಡಿಯಾಗುತ್ತದೆ. ಹಾಗೇ ಮೇಲಿನಿಂದ ತೆಗೆದು ಬಿಸಿ ಅನ್ನಕ್ಕೆ ಹಾಕಿಕೋ.

ನಿನ್ನ
ಅಜ್ಜಿ